ಬೆಂಕಿ ಪುಸ್ತಕದ ಆರನೇ ಕಾಲಮ್ಮು

೬ ಫೆಬ್ರವರಿ ೧೯೯೫, ಸೋಮವಾರ

ಮುಳ್ಳೇರಿಯದಲ್ಲಿ ಬಸ್ಸಿಳಿದು ಆಟೋ ಹಿಡಿದೆ. ಆಟೋದವನು "ಇನ್ನು ಮುಂದೆ ನನ್ನ ಗಾಡಿ ಹೋಗುವುದಿಲ್ಲ ಅಕ್ಕ" ಎಂದು ಇಳಿಸಿದಲ್ಲಿಂದ ಎರಡು ಮೈಲು ನಡೆದು ಬಂದಿದ್ದೇನೆ. ಬಿಳಿ ಕ್ಯಾನ್ವಾಸ್ ಶೂ ಈಗ ಬಿಳಿಯಾಗಿಲ್ಲ. ಕಾಡಿಗೆ ಹೋಗಲಿಕ್ಕೆಂದು ಬಿಳಿ ಶೂ ಕೊಂಡವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಅರಣ್ಯ ಇಲಾಖೆಯವರು ಬೆಂಕಿಯ ಕಾಲಕ್ಕೆ ಇಬ್ಬರು ಟ್ರೈನಿಗಳನ್ನು ತೆಗೆದುಕೊಂಡಿದ್ದಾರೆ. ಇಬ್ಬರೂ ಬಾಟನಿ ಡಿಗ್ರಿಯವರು. ಒಬ್ಬ ಇಲ್ಲೇ ಹತ್ತಿರದ ಮಹೇಶ್ವರ, ಸೈಕಲ್ಲಿನಲ್ಲಿ ಮನೆಯಿಂದ ಬಂದು ಹೋಗುತ್ತಾನೆ. ಇನ್ನೊಬ್ಬಳು ಕುಂಜತ್ತೂರಿನ ಎವ್ಲಿನ್ ಮೊಂತೇರೊ. ಮೇ ಹದಿಮೂರಕ್ಕೆ ತರಬೇತಿ ಮುಗಿದಾಗ ಇಬ್ಬರಲ್ಲಿ ಒಬ್ಬರಿಗೆ ಮರಗಳ ಸರ್ವೆಯಲ್ಲಿ ಒಂದು ವರ್ಷದ ಕೆಲಸ ಉಂಟಂತೆ. ಅದು ನನಗೆ ಬೇಕು. ಡಿಗ್ರಿ ಮುಗಿಸಿ ಏಳು ತಿಂಗಳು ಮನೆಯಲ್ಲಿ ಕೂತು, ಬಂದವರಿಗೆಲ್ಲ ಚಹಾ ಮಾಡಿ ಮಾಡಿ ಸಾಕಾಗಿದೆ. ಬಸ್ಸು ಹತ್ತಿಸುವಾಗ ಅಣ್ಣ ಗಿಲ್ಬರ್ಟ್ "ಎಂಟು ದಿನ. ಒಂಬತ್ತನೇ ದಿನ ವಾಪಸು" ಎಂದು ಬೆರಳು ಮಡಚಿ ತೋರಿಸಿದ. ಅವನ ಹಲ್ಲುದುರಲಿ.

ಉಳಿದಿರುವುದು ತೊಂಬತ್ತಾರು ದಿನ.

೯ ಫೆಬ್ರವರಿ, ಗುರುವಾರ

ನಾನು ಇರುವುದು ಕಾಡಿನ ಅಂಚಿನಲ್ಲಿ, ಹರಿಣಾಕ್ಷಿ ಎಂಬವರ ಮನೆಯಲ್ಲಿ. ಬೆಂಕಿ ಗೆರೆ ಮಾಡುವ ಹೆಂಗಸರಿಗೆಲ್ಲ ಇವರೇ ಯಜಮಾನಿ. ಗೆರೆ ಅಂದರೆ ಕಾಡಿನ ನಡುವೆ ಎರಡಾಳು ಅಗಲಕ್ಕೆ ತರಗೆಲೆ ಗುಡಿಸಿ, ಹುಲ್ಲು ಕೆರೆದು, ಬರೀ ಮಣ್ಣು ಮಾಡುವುದು. ಬೆಂಕಿ ಬಂದರೆ ಅಲ್ಲಿಗೆ ನಿಲ್ಲಬೇಕು. ಹೇಳಲಿಕ್ಕೆ ಇಷ್ಟೇ. ಗುಡಿಸಿದ ಮರುದಿನ ಮರಗಳು ಬೇಕೆಂದೇ ಮತ್ತೆ ಅಷ್ಟೇ ಎಲೆ ಉದುರಿಸಿರುತ್ತವೆ.

ಇವತ್ತು ಕಾಲಿನಿಂದ ಹನ್ನೊಂದು ಉಣುಗು ಕಿತ್ತೆ. ಹರಿಣಾಕ್ಷಿ ನಗುತ್ತಾ, "ನಿನ್ನ ರಕ್ತ ಸಮುದ್ರದ ಬದಿದು ಮಗಾ, ಮೀನು ತಿಂದದ್ದು. ಅದಕ್ಕೇ ಇವಕ್ಕೆ ರುಚಿ" ಎಂದರು. ನನಗೆ ನಗು ಬರಲಿಲ್ಲ.

ನಮ್ಮ ಜೊತೆ ಇರುವ ವಾಚರನ ಹೆಸರು ಬಟ್ಯ. ಐವತ್ತು ದಾಟಿದ ಮನುಷ್ಯ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಮಾತು ಕಡಿಮೆ. ಕ್ರಿಶ್ಚಿಯನ್ ಹೆಂಗಸರನ್ನು ಇಲ್ಲಿ ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎನ್ನುತ್ತಾನೆ. ಮಧ್ಯಾಹ್ನ ದಾರಿ ತಪ್ಪಿ ನಾನು "ಬಟ್ಯಾ! ಮಹೇಶ್ವರಾ!" ಎಂದು ಕೂಗುತ್ತಲೇ ಇದ್ದೆ. ಯಾರೂ ಓಗೊಡಲಿಲ್ಲ. ಕೊನೆಗೆ ನೋಡಿದರೆ ಆತ ಹತ್ತು ಮಾರು ಆಚೆ ಮರದ ಬುಡದಲ್ಲೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ!

"ಕಾಡಿನಲ್ಲಿ ಹೆಸರು ಹಿಡಿದು ಕರೆದರೆ ಮನುಷ್ಯರು ಮಾತಾಡುವುದಿಲ್ಲ ಬಾಯಮ್ಮ. ಬೇರೆಯವರು ಮಾತಾಡ್ತಾರೆ" ಎಂದ. "ಕೂ ಹಾಕಬೇಕು. ಒಂದು ಕೂ ಹಾಕಿದರೆ ಇಲ್ಲಿದ್ದೇನೆ ಅಂತ. ಎರಡು ಹಾಕಿದರೆ ಬಾ ಅಂತ. ಮೂರು ಹಾಕಿದರೆ ಬೆಂಕಿ."

ನನ್ನಿಂದ ಕೂ ಬರಲಿಲ್ಲ. ಹತ್ತು ವರ್ಷ ಸಿಸ್ಟರುಗಳ ಶಾಲೆಯಲ್ಲಿ ಓದಿದವಳ ಗಂಟಲಿನಿಂದ ಹೊರಟದ್ದು ಬೆಕ್ಕಿನ ಮರಿಯ ಸ್ವರ. ಮಹೇಶ್ವರ ಬಾಯಿ ಮುಚ್ಚಿಕೊಂಡು ನಕ್ಕ. ತೊಂಬತ್ತಮೂರು ದಿನ.

೧೮ ಫೆಬ್ರವರಿ, ಶನಿವಾರ

ಗಿಲ್ಬರ್ಟನ ಎಂಟು ದಿನ ಕಳೆದು ಹೋಯಿತು. ಬರೆದು ತಿಳಿಸಿದ್ದೇನೆ, ಕಾರ್ಡಿನಲ್ಲಿ, ದೊಡ್ಡ ಅಕ್ಷರದಲ್ಲಿ.

ಫಾರೆಸ್ಟರ್ ತಿರುಮಲೇಶ್ವರ ಸಾರ್ ಪ್ರತಿ ಶನಿವಾರ ಬಂದು ಬೆಂಕಿ ಪುಸ್ತಕಕ್ಕೆ ಸಹಿ ಹಾಕುತ್ತಾರೆ. ಬರೆಯುವ ಕೆಲಸ ಇನ್ನು ನನ್ನದು, ಅಕ್ಷರ ಚೆನ್ನಾಗಿದೆಯಂತೆ. ತಾರೀಕು, ಜಾಗ, ಹೊತ್ತು, ಎಷ್ಟು ಸುಟ್ಟಿತು, ಯಾರು ನಂದಿಸಿದರು, ಆರನೇ ಕಾಲಮ್ಮು ಕಾರಣ. ಎಂಬತ್ತನಾಲ್ಕರಿಂದ ಮೂವತ್ತೊಂದು ಬೆಂಕಿ ಬಿದ್ದಿದೆ. ಹಳೆಯ ಪುಟಗಳನ್ನು ತಿರುವಿ ನೋಡಿದೆ. ಕಾರಣದ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗೆ ಎರಡೇ ಉತ್ತರ, ಒಂದೋ "ಅಜ್ಞಾತ", ಇಲ್ಲದಿದ್ದರೆ "ಗೇರುಬೀಜ ಹೆಕ್ಕುವವರ ಅಜಾಗ್ರತೆ".

ಕಾಡಿನ ಅಂಚಿನ ಹಳೆಯ ಗೇರು ಮರಗಳ ಬೀಜ ಹೆಕ್ಕಲಿಕ್ಕೆ ಇಲ್ಲಿನ ಹೆಂಗಸರಿಗೆ ಇಲಾಖೆಯೇ ಪಾಸು ಕೊಟ್ಟಿದೆ. ಬೆಂಕಿ ಬಿದ್ದರೆ ಮೊದಲು ಅವರ ಮೇಲೆಯೇ ಕಣ್ಣು. "ಈ ವರ್ಷ ಒಂದು ಬೆಂಕಿ ಬಿದ್ದರೆ ಪಾಸು ಬಂದ್" ಎಂದು ಸಾರ್ ಎಲ್ಲರೆದುರು ಹೇಳಿ ಹೋದರು. ಅಮ್ಮಣಿ ಎಂಬ ಅಜ್ಜಿ ಮುಖ ಆಚೆ ತಿರುಗಿಸಿ ಉಗಿದರು. ವರ್ಷದ ಅರ್ಧ ಅಕ್ಕಿ ಅವರಿಗೆ ಆ ಬೀಜದಿಂದಲೇ ಬರುವುದು.

೧ ಮಾರ್ಚ್, ಬುಧವಾರ

ಬೂದಿ ಬುಧವಾರ. ಇಗರ್ಜಿಗೆ ಹೋಗಿ ಹಣೆಗೆ ಬೂದಿ ಹಾಕಿಸಿಕೊಳ್ಳಲಾಗಲಿಲ್ಲ ಎಂದು ಬೆಳಿಗ್ಗೆ ದುಃಖ. ಸಂಜೆ ಕನ್ನಡಿ ನೋಡಿದರೆ, ಗೆರೆಯ ಕಸ ಸುಟ್ಟು ಸುಟ್ಟು ಹಣೆ, ಮೂಗು, ಕಿವಿ ಎಲ್ಲ ಬೂದಿಯೇ. ದೇವರು ಕೊಡುವಾಗ ಹೀಗೆ ಧಾರಾಳವಾಗಿಯೇ ಕೊಡುತ್ತಾನೆ.

೧೩ ಮಾರ್ಚ್, ಸೋಮವಾರ

ಎಂಥ ದಿನ! ಜಂಬೆ ಮರದ ಮೇಲೆ ಎರಡು ಮಂಗಟ್ಟೆ ಹಕ್ಕಿ ಬಂದು ಕೂತವು. ಅವು ರೆಕ್ಕೆ ಬಡಿಯುವ ಸದ್ದಿಗೆ ನಾನು ಲಾರಿ ಬಂತೆಂದು ಹಿಂದೆ ತಿರುಗಿದೆ. ಬಟ್ಯಣ್ಣ ಅವುಗಳ ಸಂಸಾರದ ಕಥೆ ಹೇಳಿದ. ಮರದ ಪೊಟರೆಯೊಳಗೆ ಹೆಣ್ಣು ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದಂತೆ, ಗಂಡು ಎರಡು ತಿಂಗಳು ಹಣ್ಣು ತಂದು ಸಂದಿಯಲ್ಲಿ ತಿನ್ನಿಸುತ್ತದಂತೆ. "ನಮ್ಮ ಗಂಡಸರಿಗೆ ಸ್ವಲ್ಪ ಹೇಳಿ ಕೊಡು ಅಂತ ಹೇಳು ಅದಕ್ಕೆ" ಎಂದರು ಹರಿಣಾಕ್ಷಕ್ಕ. ನಾವು ಹೆಂಗಸರೆಲ್ಲ ಗುಡಿಸುವ ಹಿಡಿಸೂಡಿ ಕೆಳಗಿಟ್ಟು ನಕ್ಕಿದ್ದೇ ನಕ್ಕಿದ್ದು.

ಮಧ್ಯಾಹ್ನ ತೋಡಿನ ನೀರಿನ ತಂಪಿನಲ್ಲಿ ಗಂಜಿ, ಚಗಳಿ ಇರುವೆಯ ಚಟ್ನಿ. ಎರಡು ಸಲ ಹಾಕಿಸಿಕೊಂಡೆ. ಸಂಜೆ ಗುಡ್ಡದ ನೆತ್ತಿಯಿಂದ ನಾನು ಹಾಕಿದ ಕೂ ಕೆಳಗಿನ ತೋಡಿಗೆ ಮುಟ್ಟಿತು, ಅಲ್ಲಿಂದ ಬಟ್ಯಣ್ಣನ ಕೂ ಮರಳಿ ಬಂತು. ಮಹೇಶ್ವರ ಕಿವಿ ಮುಚ್ಚಿಕೊಂಡು, "ಸಾಕು ಮಾರಾಯ್ತಿ, ಮುಳ್ಳೇರಿಯದಲ್ಲಿ ಬಸ್ಸು ನಿಂತೀತು!" ಎಂದ.

ಎಷ್ಟು ದಿನ ಉಳಿದಿದೆ ಎಂದು ಲೆಕ್ಕ ಹಾಕಬೇಕು, ನಾಳೆ ಹಾಕಿದರಾಯಿತು.

೨೩ ಮಾರ್ಚ್, ಗುರುವಾರ

ಬೆಂಕಿ. ನಾನೇ.

ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ. ಊಟದ ಹೊತ್ತು. ಬಟ್ಯಣ್ಣ ಕೈ ತೊಳೆಯಲಿಕ್ಕೆ ತೋಡಿಗೆ ಇಳಿದಿದ್ದ. ಮಹೇಶ್ವರ ಎಲ್ಲಿಂದಲೋ ಒಂದು ಮುಟ್ಟಾಳೆ ತುಂಬ ಗೇರುಬೀಜ ತಂದು ಕಲ್ಲಿನ ಮೇಲೆ ಒಲೆ ಹೂಡಲು ಹೊರಟ. ನನಗೆ ನೋಡಿ ತಡೆಯಲಾಗಲಿಲ್ಲ. "ಬಿಡು ಮಾರಾಯ, ಬೀಜ ಸುಡುವುದು ನಿಮ್ಮ ಕೈಯಿಂದ ಆಗುವ ಕೆಲಸ ಅಲ್ಲ. ನಮ್ಮ ಮನೆಯಲ್ಲಿ ಬೇಸಗೆ ಪೂರ್ತಿ ನಾನೇ ಸುಡುವುದು" ಎಂದು ಹಳೆಯ ತಗಡು ಕಸಿದುಕೊಂಡೆ. ಸುಮ್ಮನೆ ಸುಡಲಿಲ್ಲ, ಬುದ್ಧಿ ಓಡಿಸಿದೆ. ತರಗೆಲೆ ಇಲ್ಲದ ಜಾಗ ಯಾವುದು? ಬೆಂಕಿ ಗೆರೆ. ಅದರ ನಟ್ಟ ನಡುವೆ ಮೂರು ಕಲ್ಲಿಟ್ಟೆ. ಇದಕ್ಕಿಂತ ಭದ್ರ ಜಾಗ ಕಾಸರಗೋಡಿನಲ್ಲೇ ಇಲ್ಲ ಎಂದುಕೊಂಡೆ.

ಬೀಜ ಕಾದು ಎಣ್ಣೆ ಬಿಟ್ಟಿತು, ಎಣ್ಣೆಗೆ ಬೆಂಕಿ ಹತ್ತಿತು. ಅದು ಹತ್ತಲೇಬೇಕು. ಹದ ನೋಡಿ ತಗಡನ್ನು ಕೋಲಿನಿಂದ ಮಗುಚಿ ಮಣ್ಣು ಎರಚಬೇಕು. ಸರಿಯಾದ ಹದಕ್ಕೇ ಮಗುಚಿದೆ. ಆದರೆ ನಮ್ಮ ಕುಂಜತ್ತೂರಿನ ಅಂಗಳ ಚಪ್ಪಟೆ, ಮರಳಿನ ನೆಲ, ಮಗುಚಿದ ಬೀಜ ಬಿದ್ದಲ್ಲೇ ಬಿದ್ದಿರುತ್ತದೆ. ಇಲ್ಲಿಯದು ಗುಡ್ಡದ ಇಳಿಜಾರು, ಅದೂ ನಾವೇ ಗುಡಿಸಿ ಗುಡಿಸಿ ನುಣುಪು ಮಾಡಿದ್ದು. ಉರಿಯುವ ಬೀಜಗಳೆಲ್ಲ ಒಂದರ ಹಿಂದೆ ಒಂದು ಉರುಳುತ್ತಾ ಗೆರೆ ದಾಟಿ ಕೆಳಗಿನ ತರಗೆಲೆಯೊಳಗೆ ಹೋದವು. ನಾನು ಕೋಲು ಹಿಡಿದು ಅವುಗಳ ಹಿಂದೆ ಓಡಿದೆ. ಎಷ್ಟನ್ನು ಹಿಡಿಯುವುದು? ನೋಡುತ್ತಿದ್ದಂತೆ ಹತ್ತು ಕಡೆ ಹೊಗೆ ಎದ್ದಿತು.

ಮೂರು ಕೂ ಹಾಕಿದೆ. ಗಂಟಲು ಹರಿದು ಹೋಗುವಂತೆ ಹಾಕಿದೆ. ಮೇಲಿನ ಗೆರೆಯಿಂದ ಹರಿಣಾಕ್ಷಕ್ಕನ ಹೆಂಗಸರು, ಗೇರು ಮರಗಳ ಕಡೆಯಿಂದ ಅಮ್ಮಣಿಯಜ್ಜಿ, ಎಲ್ಲರೂ ಹಸಿ ಸೊಪ್ಪು ಮುರಿದುಕೊಂಡು ಓಡಿ ಬಂದರು. ಎರಡು ಗಂಟೆ ಬಡಿದೆವು. ತೋಡಿನ ಕಲ್ಲುಗಳವರೆಗೆ ಹೋಗಿ ಬೆಂಕಿ ಸತ್ತಿತು. ಅರ್ಧ ಎಕರೆ ಹೋಗಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು ನನ್ನ ಕಥೆ.

ಹೊಗೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಮಗುಚಿದ್ದ ತಗಡನ್ನು ಬಟ್ಯಣ್ಣ ನೋಡಿದ, ನನ್ನನ್ನು ನೋಡಿದ, ತಗಡನ್ನು ಪೊದೆಯೊಳಗೆ ತಳ್ಳಿದ.

೨೪ ಮಾರ್ಚ್, ಶುಕ್ರವಾರ

ಐದು ಕಾಲಮ್ಮು ತುಂಬಿಸಿದೆ. ಆರನೆಯದು ಖಾಲಿ. "ಅಜ್ಞಾತ ಅಂತ ಬರಿ ಮಾರಾಯ್ತಿ, ಎಲ್ಲರೂ ಅದನ್ನೇ ಬರೆದದ್ದು. ತಂದದ್ದು ನಾನು, ನಿನ್ನೊಬ್ಬಳದ್ದೇ ಎಂತ ತಪ್ಪು?" ಎನ್ನುತ್ತಾನೆ ಮಹೇಶ್ವರ. ಬಟ್ಯಣ್ಣನನ್ನು ಕೇಳಿದೆ. "ನನಗೆ ಓದಲಿಕ್ಕೆ ಬರುವುದಿಲ್ಲ ಬಾಯಮ್ಮ. ಬರೆಯುವವರು ನೀವು" ಎಂದ. ಬೈದಿದ್ದರೆ ಚೆನ್ನಾಗಿತ್ತು.

೨೫ ಮಾರ್ಚ್, ಶನಿವಾರ

ಸಾರ್ ಬಂದರು. ಸುಟ್ಟ ಜಾಗ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ, "ಗೊತ್ತುಂಟು, ಇದು ಬೀಜದವರದ್ದೇ ಕೆಲಸ. ಸೋಮವಾರದಿಂದ ಪಾಸು ಬಂದ್. ಆರನೇ ಕಾಲಮ್ಮು ತುಂಬಿಸು, ಸಹಿ ಹಾಕ್ತೇನೆ" ಎಂದರು. ಅಮ್ಮಣಿಯಜ್ಜಿ ಅಲ್ಲೇ ನಿಂತಿದ್ದರು. ಬಡಿದು ಬಡಿದು ಅಂಗೈಯಲ್ಲಿ ಎದ್ದ ಬೊಬ್ಬೆಗೆ ಎಣ್ಣೆ ಹಚ್ಚಿಕೊಂಡಿದ್ದರು. "ನಾವಲ್ಲ ಸಾಮಿ" ಎಂದು ಒಂದೇ ಸಲ ಹೇಳಿದರು. ಹೇಳಿ ಪ್ರಯೋಜನ ಇಲ್ಲ ಎಂದು ಗೊತ್ತಿದ್ದವರ ಧ್ವನಿ ಅದು. ಶಾಯಿ ಪೆನ್ನು ಎತ್ತಿಕೊಂಡೆ.

ಬರೆದೆ. "ಕಾರಣ: ಟ್ರೈನಿ ಎವ್ಲಿನ್ ಮೊಂತೇರೊ ಬೆಂಕಿ ಗೆರೆಯ ಮೇಲೆ ಗೇರುಬೀಜ ಸುಟ್ಟದ್ದು. ಇಳಿಜಾರಿನಲ್ಲಿ ಉರಿಯುವ ಬೀಜ ಉರುಳಿ ಹೋದದ್ದು." ಇದನ್ನು ಬರೆದರೆ ಸರ್ವೆಯ ಕೆಲಸ ಹೋಯಿತು ಎಂದು ಚೆನ್ನಾಗಿ ಗೊತ್ತಿದ್ದೇ ಬರೆದೆ. ಅಕ್ಷರ ಮಾತ್ರ ಚೆನ್ನಾಗಿಯೇ ಬಂತು.

ಸಾರ್ ಎರಡು ಸಲ ಓದಿದರು. ಮುಖ ಕೆಂಪಾಯಿತು. "ನಿನಗೆ ಮಂಡೆ ಸಮ ಉಂಟಾ?" ಎಂದರು. ಆಮೇಲೆ ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವುತ್ತಾ ಹೋದರು. "ಹನ್ನೊಂದು ವರ್ಷದ ಪುಸ್ತಕ. ಬೆಂಕಿಗೊಂದು ಕಾರಣ ಸಿಕ್ಕಿದ್ದು ಇದೇ ಮೊದಲು" ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಸಹಿ ಹಾಕಿದರು. ಪಾಸಿನ ಮಾತು ಮತ್ತೆ ಎತ್ತಲಿಲ್ಲ.

೩ ಏಪ್ರಿಲ್, ಸೋಮವಾರ

ರೇಂಜ್ ಆಫೀಸಿನಿಂದ ಕಾಗದ ಬಂತು. ನಾನು ವಿವರಣೆ ಕೊಡಬೇಕಂತೆ, ಕೊಟ್ಟೆ. ಸರ್ವೆ ಕೆಲಸ ಮಹೇಶ್ವರನಿಗೆ. ಅವನು ಬೇಡ ಎನ್ನುತ್ತೇನೆ ಎಂದು ಕೂತ. "ನೀನು ಬಿಟ್ಟರೆ ಅದು ನನಗೆ ಬರುತ್ತದಾ? ದೊಡ್ಡ ತ್ಯಾಗಿ!" ಎಂದು ಗದರಿದೆ. ಅವನ ಎದುರು ನಗುತ್ತಲೇ ಇದ್ದೆ. ಆಮೇಲೆ ತೋಡಿನ ಬದಿಗೆ ಹೋಗಿ ಚೆನ್ನಾಗಿ ಅತ್ತೆ, ಮುಖ ತೊಳೆದೆ, ಗುಡಿಸಲಿಕ್ಕೆ ಹೋದೆ. ಗೆರೆಗೆ ನನ್ನ ದುಃಖ ಗೊತ್ತಿಲ್ಲ, ಎಲೆ ಮೊಣಕಾಲೆತ್ತರ ಬಿದ್ದಿತ್ತು.

೧೮ ಏಪ್ರಿಲ್, ಮಂಗಳವಾರ

ಈಸ್ಟರಿಗೆ ಮನೆಗೆ ಹೋಗಿದ್ದೆ. ಪಾಪನಿವೇದನೆಯಲ್ಲಿ ಬೆಂಕಿಯ ಸಂಗತಿ ಹೇಳಿದಾಗ ಫಾದರ್ ಸಾಲ್ವದೊರ್ "ಬೀಜ ಹದವಾಗಿ ಬೆಂದಿತ್ತಾ?" ಎಂದು ಕೇಳಿದರು! ಮನೆಯಲ್ಲಿ ಹಂದಿ ಮಾಂಸ, ಸಣ್ಣಾ ಇಡ್ಲಿ, ಎಲ್ಲ ಇತ್ತು. ಕೆಲಸ ಹೇಗೂ ಸಿಗಲಿಲ್ಲವಲ್ಲ, ಇನ್ನು ಇಲ್ಲೇ ಇರು ಎಂದಳು ಮಮ್ಮಿ. ರಜೆ ಗುರುವಾರದವರೆಗೆ ಇತ್ತು. ಇವತ್ತೇ ಬಂದುಬಿಟ್ಟೆ. ಗುಡ್ಡದ ನೆತ್ತಿಯ ಗೆರೆ ಬಾಕಿ ಇತ್ತು, ಅದಕ್ಕೆ.

೨೧ ಏಪ್ರಿಲ್, ಶುಕ್ರವಾರ

ಸಂಜೆ ಅಮ್ಮಣಿಯಜ್ಜಿ ಬಂದು ಜಗಲಿಯಲ್ಲಿ ಕೂತರು. ಎಲೆ ಅಡಿಕೆ ಹಾಕಿದರು. ಬಿಸಿಲಿನ ಮಾತಾಡಿದರು. ಹೊರಡುವಾಗ, "ಆ ಪುಸ್ತಕದಲ್ಲಿ ತೊಂಬತ್ತೆರಡನೇ ಇಸವಿದ್ದು ಉಂಟಾ ಬಾಯಮ್ಮ? ಬಂಡೆಯ ಹತ್ತಿರದ್ದು?" ಎಂದರು.

"ಉಂಟು ಅಜ್ಜಿ. ಅಜ್ಞಾತ ಅಂತ ಉಂಟು."

"ಅದು ನಾನು. ಕಡಜ ಕಚ್ಚಿತು, ಸಿಟ್ಟು ಬಂತು, ಗೂಡಿಗೆ ಬೆಂಕಿ ಕೊಟ್ಟೆ. ಬರೆಯಿರಿ."

ನಾನು ಗಾಬರಿಯಾದೆ. ಕೇಸು ಗೀಸು ಆದರೆ? "ನೀವು ನಿಮ್ಮದನ್ನು ಬರೆಯಲಿಲ್ಲವಾ?" ಎಂದರು ಅಜ್ಜಿ. ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಅಜ್ಜಿ ಇಳಿದು ಹೋದದ್ದು ಮದುವೆ ಮನೆಗೆ ಹೊರಟವರ ನಡಿಗೆಯಲ್ಲಿ.

೨೯ ಏಪ್ರಿಲ್, ಶನಿವಾರ

ಈ ವಾರ ಬಂದವರು ಹದಿನಾಲ್ಕು ಮಂದಿ! ಅಜ್ಜಿ ಊರಿಡೀ ಹೇಳಿದ್ದಾರೆ. ಮೊನ್ನೆ ಬಟ್ಯಣ್ಣ ನಡೆಯುತ್ತಾ ನಡೆಯುತ್ತಾ, ನನ್ನ ಮುಖ ನೋಡದೆ, "ಎಂಬತ್ತೆಂಟರದ್ದು ನನ್ನ ಸೂಟೆಯ ಕಿಡಿ. ಜೇನು ತೆಗೆಯಲಿಕ್ಕೆ ಹಿಡಿದದ್ದು" ಎಂದ. ಮಹೇಶ್ವರ ಹತ್ತು ವರ್ಷದವನಿದ್ದಾಗ ಬೆಂಕಿಪೆಟ್ಟಿಗೆಯ ಪರೀಕ್ಷೆ ಮಾಡಿದ್ದನಂತೆ, ಬೆಂಕಿಪೆಟ್ಟಿಗೆ ಪಾಸಾಯಿತಂತೆ.

ಇವತ್ತು ಲೋಕಯ್ಯ ಬಂದು ತೊಂಬತ್ತಮೂರರ ಬೆಂಕಿ ತನ್ನ ಬೀಡಿಯದ್ದು ಎಂದ. ಹಿಂದೆಯೇ ಅವನ ಹೆಂಡತಿ ಕಿನ್ನಿ ಬಂದು, "ಇವರಿಗೆ ಎಂತ ಗೊತ್ತುಂಟು? ಅದು ನಾನು ಗೆಣಸು ಸುಟ್ಟ ಒಲೆದು" ಎಂದಳು. ಎರಡು ವರ್ಷದಿಂದ ಗಂಡನೂ ಹೆಂಡತಿಯೂ ತಾನೇ ಮಾಡಿದ್ದೆಂದು ನಂಬಿ, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಅಡಗಿಸಿ ಇಟ್ಟಿದ್ದಾರೆ! ಜಗಲಿಯಲ್ಲೇ ಜಗಳ ಶುರು, ನನ್ನದು, ಅಲ್ಲ ನನ್ನದು ಎಂದು. ಇಬ್ಬರದ್ದೂ ಬರೆದೆ. ನಗು ತಡೆಯಲಾರದೆ ಒಂದು ಅಕ್ಷರ ಸೊಟ್ಟಗಾಯಿತು.

ಫಾದರ್ ಸಾಲ್ವದೊರ್ ಶನಿವಾರ ಸಂಜೆ ಪಾಪನಿವೇದನೆ ಕೇಳಿ ಇಗರ್ಜಿಯಿಂದ ಅಷ್ಟು ಹಗುರಾಗಿ ಹೊರಗೆ ಬರುವುದು ಯಾಕೆಂದು ಈಗ ಅರ್ಥವಾಗುತ್ತದೆ.

ಹಳೆಯ ಪುಟಗಳಲ್ಲಿ ನಾನು ಬರೆಯುತ್ತಿರುವುದು ಸಾರ್‌ಗೆ ಗೊತ್ತಾಯಿತು. ಬೈಯಲಿಲ್ಲ. "ಪುಸ್ತಕ ರೇಂಜರ್ ನೋಡ್ತಾರೆ. ಕೇಸು ಹಾಕು ಅಂದರೆ ನಾನು ಹಾಕಲೇಬೇಕು" ಎಂದರು. ನಾನು ಜಗಲಿಗೆ ಬಂದವರಿಗೆಲ್ಲ ಅದನ್ನು ಹೇಳಿದೆ, ಅಳಿಸಲಾ ಎಂದು ಕೇಳಿದೆ. ಒಬ್ಬರೂ ಹೂಂ ಅನ್ನಲಿಲ್ಲ. ಆದರೂ ಒಂದು ರಬ್ಬರ್ ತರಿಸಿ ಇಟ್ಟುಕೊಂಡಿದ್ದೇನೆ.

೬ ಮೇ, ಶನಿವಾರ

ಮಳೆ! ಮಧ್ಯಾಹ್ನ ಮೂರು ಗಂಟೆಗೆ, ಗುಡುಗಿನೊಡನೆ. ಗೆರೆಯ ಮೇಲೆ ಕುಣಿದೆವು. ಹರಿಣಾಕ್ಷಕ್ಕ ಕೂಡ.

೧೨ ಮೇ, ಶುಕ್ರವಾರ

ಇವತ್ತು ರೇಂಜರ್ ಜೀಪಿನಲ್ಲಿ ಬಂದರು. ಕಣ್ಣೂರಿನ ಕಡೆಯವರು, ಮಲಯಾಳದಲ್ಲೇ ಮಾತು. ಕನ್ನಡ ಓದಲು ಬರುವುದಿಲ್ಲವೆಂದು ಪುಸ್ತಕವನ್ನು ನನ್ನ ಕೈಗೇ ಕೊಟ್ಟು ಓದಿ ಹೇಳು ಎಂದರು. ಮೂವತ್ತೆರಡು ಬೆಂಕಿ. ಮೂವತ್ತೊಂದಕ್ಕೆ ಕಾರಣ ಸಿಕ್ಕಿದೆ. ಒಂದು ಕೈಯಲ್ಲಿ ಪುಸ್ತಕ, ಒಂದು ಕೈಯಲ್ಲಿ ರಬ್ಬರ್ ಹಿಡಿದು ಓದುತ್ತಾ ಹೋದೆ. ಅಂಗಳದಲ್ಲಿ ಅಮ್ಮಣಿಯಜ್ಜಿ, ಬಟ್ಯಣ್ಣ, ಲೋಕಯ್ಯ, ಕಿನ್ನಿ, ಎಲ್ಲರೂ ನಿಂತಿದ್ದರು. ಕೇಸು ಎಂಬ ಮಾತು ಬಂದರೆ ಅಳಿಸಿಯೇ ಸಿದ್ಧ ಎಂದು ನಿಶ್ಚಯಿಸಿದ್ದೆ. ನನ್ನದನ್ನು ಬಿಟ್ಟು, ಅದು ಶಾಯಿಯಲ್ಲಿತ್ತು.

ರೇಂಜರ್ ಕಣ್ಣು ಮುಚ್ಚಿ ಕೇಳುತ್ತಾ ಕೂತರು. ಲೋಕಯ್ಯ-ಕಿನ್ನಿಯರದ್ದು ಬಂದಾಗ ಮಾತ್ರ ಮೀಸೆ ಸ್ವಲ್ಪ ಅಲುಗಿತು. ಮುಗಿದ ಮೇಲೆ ಜೇಬಿನಿಂದ ನಕ್ಷೆ ತೆಗೆದು ಹರಡಿ, ಯಾವ ಬೆಂಕಿ ಎಲ್ಲಿ ಎಂದು ಕೇಳಿ ಕೇಳಿ ಚುಕ್ಕೆ ಇಟ್ಟರು. ಇಪ್ಪತ್ತು ಚುಕ್ಕೆ ತೋಡಿನ ದಾರಿಯ ಬದಿಯಲ್ಲೇ ಸಾಲಾಗಿ ಕೂತವು. ಆ ಬದಿಗೆ ನಾವು ಈತನಕ ಒಂದು ಗೆರೆಯನ್ನೂ ಹಾಕಿಲ್ಲ.

"ಇಷ್ಟು ವರ್ಷ ನಾವು ಗುಡಿಸಿದ್ದು ಬೇರೆ ಕಡೆ" ಎಂದರು. ಮತ್ತೆ ನನ್ನ ಕಡೆ ತಿರುಗಿ, "ಹಳೆಯದಕ್ಕೆ ಕೇಸಿಲ್ಲ. ಹೆಸರು ಅಳಿಸು, ಕಾರಣ ಇರಲಿ. ಡಿಸೆಂಬರಿನಲ್ಲಿ ಗೆರೆ ಹಾಕುವಾಗ ಈ ನಕ್ಷೆ ಹಿಡಿದು ಮುಂದೆ ನಡೆಯುವುದು ನೀನು. ಆರ್ಡರ್ ಕಳಿಸ್ತೇನೆ. ಆದರೆ ಬೀಜ ಸುಡಬಾರದು" ಎಂದರು. ಬಟ್ಯಣ್ಣನಿಗೆ ಅದನ್ನು ತುಳುವಿನಲ್ಲಿ ಎರಡೆರಡು ಸಲ ಹೇಳಿದೆ. ಹರಿಣಾಕ್ಷಕ್ಕ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು, ಇನ್ನೂ ನೋಯುತ್ತಿದೆ. ನನಗೆ ಸಂತೋಷ, ಬಹಳ ಸಂತೋಷ, ಬರೆದು ಮುಗಿಯುವುದಿಲ್ಲ.

ಜೀಪು ಹೋಯಿತು. ನಾನು ಹೆಸರುಗಳನ್ನು ಅಳಿಸಲು ಕೂತೆ. ಅಮ್ಮಣಿಯಜ್ಜಿ ಕೈ ಅಡ್ಡ ಹಿಡಿದು, "ನನ್ನದು ಇರಲಿ" ಎಂದು ಹಟ ಮಾಡಿದರು. ಅವರನ್ನು ಒಪ್ಪಿಸಿ ಕಳಿಸುವಾಗ ಸಂಜೆಯಾಯಿತು. ಎಲ್ಲರೂ ಹೋದರು. ಸಾರ್ ಮಾತ್ರ ಹೋಗಲಿಲ್ಲ. ಸೈಕಲ್ ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದರು, ಮತ್ತೆ ಸೈಕಲ್ಲನ್ನು ಒರಗಿಸಿ ಬಂದು ಜಗಲಿಯ ಮೇಲೆ ನನ್ನೆದುರು ಕೂತರು.

"ಒಂದು ಬಾಕಿ ಉಂಟಲ್ಲ?"

"ಉಂಟು ಸಾರ್. ತೊಂಬತ್ತನೇ ಇಸವಿ, ಫೆಬ್ರವರಿ. ಅದಕ್ಕೆ ಯಾರೂ ಬರಲಿಲ್ಲ."

"ಕಾಡ್ಗಿಚ್ಚು ತಡೆ ಸಪ್ತಾಹ ಅದು" ಎಂದರು ಸಾರ್. "ಶಾಲೆಯ ಮಕ್ಕಳನ್ನು ಕರೆಸಿದ್ದೆ. ಬೆಂಕಿ ನಂದಿಸುವುದು ಹೇಗೆ ಅಂತ ತೋರಿಸಲಿಕ್ಕೆ ನಾನೇ ಸ್ವಲ್ಪ ಹಚ್ಚಿದೆ." ಟೋಪಿ ತೆಗೆದು ಮಡಿಲಲ್ಲಿಟ್ಟು, "ನಂದಲಿಲ್ಲ" ಎಂದರು.

ನಾನು ತುಟಿ ಕಚ್ಚಿಕೊಂಡೆ. "ಯಾರಿಗೂ ಗೊತ್ತಿಲ್ಲವಾ ಸಾರ್?"

"ಎಲ್ಲರಿಗೂ ಗೊತ್ತುಂಟು. ಅಮ್ಮಣಿ ಅಲ್ಲಿದ್ದಳು, ಬಟ್ಯ ಇದ್ದ. ಅವರೇ ನಂದಿಸಿದ್ದು. ಐದು ವರ್ಷ ಆಯ್ತು, ಒಬ್ಬರೂ ಬಾಯಿ ಬಿಡಲಿಲ್ಲ. ನಾನು ಅದೇ ವಾರ ಅವರ ಎದುರೇ ಕೂತು, ಬೀಜ ಹೆಕ್ಕುವವರು ಅಂತ ಬರೆದೆ."

ಅಷ್ಟು ಹೇಳಿ ಸಾರ್ ಸುಟ್ಟು ಮತ್ತೆ ಚಿಗುರಿದ ಇಳಿಜಾರನ್ನು ನೋಡುತ್ತಾ ಕೂತರು. ನಾನು ಹಳೆಯ ಸಾಲನ್ನು ಹೊಡೆದು ಹಾಕಿ, ಮೇಲೆ ಬರೆಯಲೆಂದು ಪೆನ್ಸಿಲ್ ಎತ್ತಿಕೊಂಡೆ. ಸಾರ್ ಅದನ್ನು ನನ್ನ ಕೈಯಿಂದ ತೆಗೆದು ಬದಿಗಿಟ್ಟು, ಜೇಬಿನಿಂದ ತಮ್ಮ ಪೆನ್ನು ಕೊಟ್ಟರು.

"ಹೆಸರು ಸಹಿತ ಬರಿ" ಎಂದರು.